ಭಟ್ಟಿಯ ಮರಳು

ಹದಿನಾಲ್ಕು ಸೀರೆಗೆ ಕುಚ್ಚು ಕಟ್ಟಿದ ಬಾಕಿ
ದುಡ್ಡಿನ ಬದಲು ಬಂದವನು ಇವನು.
ಎಂಸಿಸಿ ಬ್ಲಾಕಿನ ಮೇಡಮ್ಮು ಟವೆಲಿನಲ್ಲಿ ಸುತ್ತಿ
‘ಪ್ಯೂರ್ ಪಾಮ್, ಹಾಲಮ್ಮಾ, ಲಾಭ ನಿಂದೇ’ ಎಂದು
ಮೆಟ್ಟಿಲ ಮೇಲೇ ಕೊಟ್ಟು ಹೋದಳು.
ಒಂದು ಚೀಲ ಮಂಡಕ್ಕಿಯಷ್ಟೂ ತೂಕವಿಲ್ಲ.
ಪುಟಾಣಿ ಎಂದೆ.
ಹೆಸರು ಕೇಳಿದ್ದೇ ತಡ
ನಿಟ್ಟುವಳ್ಳಿ ಚನ್ನವೀರಮ್ಮನವರ ಇಳಕಲ್ ಸೆರಗಿಗೆ
ಸಹಿ ಹಾಕಿದ.
(‘ಸೀರೆ ಯಾಕೆ ಅಂಟುವಾಳಕಾಯಿ ನಾರುತ್ತೆ?’ ಅಂದರು.
‘ಈಗ ಹಿಂಗೇ ಅಮ್ಮಾರೆ, ಹೊಸ ಪದ್ಧತಿ’ ಅಂದೆ.)

ಮೂರನೇ ಇಂಜೆಕ್ಷನ್ ಆಗುವ ತನಕ
ಕೆಳಗೆ ಇಳಿಸಬೇಡ ಅಂದಿದ್ದಾರೆ ದನದ ಡಾಕ್ಟರು.
ಬೀದಿಯಲ್ಲಿ ರೋಗವಿದೆ,
ರೋಗಕ್ಕಿಂತ ದೊಡ್ಡ ನಾಯಿಗಳಿವೆ.
ನಮ್ಮದು ಕೆಟಿಜೆ ನಗರ, ಮೂರನೇ ಮಹಡಿ, ಒಂದೂವರೆ ರೂಮು;
ಆ ಅರ್ಧವೂ ಕಂಡವರ ಸೀರೆಗಳದ್ದು.

ಮೊದಲು ಪೇಪರು ಹಾಸಿದೆ.
ಹಾಸುವ ಮುಂಚೆ ಶ್ರದ್ಧಾಂಜಲಿ ಪುಟ ತೆಗೆದಿಟ್ಟೆ,
ಸತ್ತವರ ಮುಖದ ಮೇಲೆ ಬೇಡ ಅಂತ.
ಆಮೇಲೆ ದೇವರ ಫೋಟೋ ತೆಗೆದೆ,
ಹುಟ್ಟುಹಬ್ಬದ ಶುಭಾಶಯ ಒಂದು ಕ್ಷಣ ಯೋಚಿಸಿ ಹಾಗೇ ಬಿಟ್ಟೆ.
ಮೆಕ್ಕೆಜೋಳದ ಧಾರಣೆ ಇತ್ತು, ಅದೂ ಇರಲಿ.
ಅವನು ಎಲ್ಲವನ್ನೂ ಹರಿದು, ಅರ್ಧ ತಿಂದು,
ಪಕ್ಕದ ಬರಿನೆಲಕ್ಕೆ ಹೋಗಿ ಕೂತ.

‘ಬೈಬ್ಯಾಡವಾ, ಅದಕ್ಕೇನು ಗೊತ್ತು’
ಎಂದಳು ಕೆಳಮನೆ ಮೆಹಬೂಬಿ. ತಮ್ಮನದು ಮಂಡಕ್ಕಿ ಭಟ್ಟಿ.
ಸಂಜೆ ಗೋಣಿಚೀಲದಲ್ಲಿ ಬಂತು ಸವೆದ ಮರಳು,
ಕರ್ರಗೆ, ಸಣ್ಣಗೆ, ನಡುವೆ ಒಂದೆರಡು ಸೀದ ಅಕ್ಕಿಕಾಳು.
ಟೊಮೆಟೊ ಕ್ರೇಟಿನ ಒಂದು ಪಕ್ಕೆ ಕುಯ್ದು ಬಾಗಿಲು ಮಾಡಿ
ಯೂರಿಯಾ ಚೀಲ ಹಾಸಿ ಸುರಿದೆ.
ಎಷ್ಟು ವರ್ಷ ಕಾದು, ಎಷ್ಟು ಅಕ್ಕಿ ಉಬ್ಬಿಸಿ
ಈ ಊರಿಗೆ ಮೆಣಸಿನಕಾಯಿ ಬಜ್ಜಿಯ ಜೊತೆ
ಸಂಜೆಗಳನ್ನು ಕೊಟ್ಟ ಮರಳು
ಈಗ ನನ್ನ ಬೀರುವಿನ ಸಂದಿಯಲ್ಲಿ
ಒಬ್ಬನ ನಾಲ್ಕು ಹನಿಗೆ ಕಾದು ಕೂತಿದೆ.

ಎದ್ದ ಕೂಡಲೇ ಎತ್ತಿ ಇಡು. ಉಂಡ ಮೇಲೆ ಎತ್ತಿ ಇಡು.
ಆಡಿ ಸುಸ್ತಾಗಿ, ನೆಲ ಮೂಸುತ್ತ ಗಿರಕಿ ಹೊಡೆದರೆ
ಸೂಜಿ ತುಟಿಯಲ್ಲಿ ಕಚ್ಚಿಕೊಂಡೇ ಓಡು.
ಒರೆಸಿದ ಅರಿವೆ ಬಿಸಾಡಬೇಡ, ಒಂದು ಚೂರು ಮರಳಲ್ಲಿ ಹುಗಿ,
ತನ್ನ ವಾಸನೆಯೇ ತನಗೆ ವಿಳಾಸ.
ಹುಗಿದೆ. ಇಟ್ಟೆ.
ಅವನು ಕೆದರಿದ, ಸುತ್ತಿದ, ಮಲಗಿದ.
ಒಳ್ಳೆ ನಿದ್ದೆ ಮಾಡಿ, ಮೈ ಕೊಡವಿ, ಹೊರಬಂದು
ಮಂಚದ ಕಾಲ ಬುಡದಲ್ಲಿ ಮುಗಿಸಿದ.

ಎಂಟನೇ ರಾತ್ರಿ, ಎರಡು ಗಂಟೆ.
ಕ್ರೇಟಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದೇನೆ.
ಕಲಿಯಬೇಕಾದವಳು ನಾನೇ ಎಂಬಂತೆ
ಅವನು ನನ್ನನ್ನೇ ನೋಡುತ್ತಿದ್ದಾನೆ.
ಹೂಂ ಅಂದೆ. ಮಾಡು ಅಂದೆ. ಲೇ ಅಂದೆ.
ಆಮೇಲೆ ನನಗೇ ತಿಳಿಯದೆ ಹಲ್ಲಿನ ಸಂದಿಯಿಂದ ಬಂತು:
ಸ್ಸ್ ಸ್ಸ್ ಸ್ಸೂ…

ಮಿಲ್ಲಿನ ಲೈನಿನಲ್ಲಿ ನಲವತ್ತು ಮನೆಗೆ ಆರು ಕಕ್ಕಸು.
ಕೊನೆಯದಕ್ಕೆ ಬಾಗಿಲಿತ್ತು, ಚಿಲಕ ಇರಲಿಲ್ಲ.
ಹಗಲೆಲ್ಲ ರೀಲಿಂಗಿನಲ್ಲಿ ನಿಂತು ಬಂದವಳು,
ತಲೆಗೂದಲಲ್ಲಿ ಇನ್ನೂ ಹತ್ತಿಯ ಧೂಳು,
ಅವ್ವ ಕತ್ತಲಲ್ಲಿ ಆ ಬಾಗಿಲು ಹಿಡಿದು
ಹೊರಗಿಂದ ಅನ್ನುತ್ತಿದ್ದುದು ಇದನ್ನೇ.
ಬೇಗ ಅಂದವಳಲ್ಲ.
ನಿಂತಲ್ಲೇ ತೂಕಡಿಸುತ್ತಿದ್ದಳು,
ಸದ್ದು ಮಾತ್ರ ನಿಲ್ಲಿಸುತ್ತಿರಲಿಲ್ಲ.

ಪುಟಾಣಿ ಕಿವಿ ನೆಟ್ಟಗೆ ಮಾಡಿದ.
ಮುಂಗಾಲೆರಡು ಮರಳೊಳಗಿಟ್ಟು ಸ್ವಲ್ಪ ಯೋಚಿಸಿದ.
ಹಿಂಗಾಲು ಹೊರಗೇ ಉಳಿಯಿತು.
ತಾನು ಪೂರ್ತಿ ಒಳಗಿದ್ದೇನೆಂದು ನಂಬಿ
ಗೋಡೆಯ ಕಡೆ ಮುಖ ಮಾಡಿ, ಬಲು ಗಂಭೀರವಾಗಿ,
ಹೊರಗೆ ಹೊಯ್ದ.

ಹೊಗಳದೆ ಇರಲಾದೀತೆ. ಉಗುರಿನಷ್ಟು ಬೆಣ್ಣೆ ಕೊಟ್ಟೆ.
ಒರೆಸುತ್ತ ಲೆಕ್ಕ ಹಾಕಿದೆ:
ಅರ್ಧ ನಾಯಿ ಕಲಿತಂತಾಯಿತು.
ನಾಳೆಗೆ ಮೂರು ಸೀರೆ,
ಮತ್ತೆ ಇವನ ಹಿಂಭಾಗ, ಬಾಕಿ.